ಪುಸ್ತಕದ ಆಚೆ ಕಡೆ ಕೂತವಳು

ಪುಸ್ತಕ ಇದ್ದದ್ದು ಒಂದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡು ಮಕ್ಕಳಿಗೆ ಬೈಬಲ್ಲಿನ ಒಂದು ಸುವಾರ್ತೆ ಪುಸ್ತಕ. ಉಳಿದವನ್ನು ಗೆದ್ದಲು ತಿಂದಿತ್ತು. ಯುದ್ಧ ನಡೆಯುತ್ತಿತ್ತು, ಕಾಗದ ಸಿಗುತ್ತಿರಲಿಲ್ಲ, ಹೊಸದು ಬರುವುದಿಲ್ಲ ಎಂದು ಕೋಲಾರದಿಂದ ಹೇಳಿ ಕಳಿಸಿದ್ದರು. ಇದ್ದ ಒಂದನ್ನೇ ಚಾಪೆಯ ಮೇಲೆ ಬಿಚ್ಚಿಟ್ಟು ನಾನು ಒಂದು ಕಡೆ ಕೂರುತ್ತಿದ್ದೆ. ಮಕ್ಕಳು ನನ್ನ ಎಡಕ್ಕೂ ಬಲಕ್ಕೂ ಬೆನ್ನ ಹಿಂದಕ್ಕೂ ಒತ್ತಿಕೊಂಡು ಬಗ್ಗಿ ನೋಡುತ್ತಿದ್ದರು. ಒಬ್ಬಳು ಮಾತ್ರ ಪುಸ್ತಕದ ಆಚೆ ಕಡೆ, ನನಗೆ ಎದುರಾಗಿ ಕೂರುತ್ತಿದ್ದಳು. ಅವಳನ್ನು ಅಲ್ಲಿ ಕೂರಿಸಿದವಳು ನಾನೇ. ಶಿಕ್ಷೆಗೆಂದು ಕೂರಿಸಿದ್ದೆ.

ನಾನು ಟೀಚರಲ್ಲ. ಕೋಲಾರದ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಮುದ್ದೆ ತಿರುವುತ್ತಿದ್ದವಳು. ಅಡುಗೆ ಮನೆಯ ಕಿಟಕಿಯ ಆಚೆಯೇ ಮೂರನೇ ತರಗತಿ. ಅಲ್ಲಿ ಹೇಳಿಸುವುದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಹಿಟ್ಟು ಕುದಿಯುವಾಗ ಕೋಲು ನಿಲ್ಲಿಸುವ ಹಾಗಿಲ್ಲ, ಆದರೆ ಕಿವಿಯನ್ನು ಯಾರೂ ಹಿಡಿದುಕೊಳ್ಳುವುದಿಲ್ಲವಲ್ಲ. ಹೀಗೆ ಕೇಳಿ ಕೇಳಿ ಸುವಾರ್ತೆಯ ಎಷ್ಟೋ ಪಾಠ ನನಗೆ ಬಾಯಿಪಾಠವಾಗಿತ್ತು. ಅಕ್ಷರವನ್ನು ಬೋರ್ಡಿಂಗಿನ ಹುಡುಗಿಯರೇ ತೋರಿಸಿಕೊಟ್ಟಿದ್ದರು. ಬಿಡಿ ಅಕ್ಷರ ಬರುತ್ತಿತ್ತು, ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದೆ. ಒಂದು ದಿನ ಆ ಕಿಟಕಿಯ ಆಚೆ ಕೂರಬೇಕು, ನನ್ನ ಮುಂದೆಯೂ ಮಕ್ಕಳು ಕೂರಬೇಕು ಅನ್ನುವ ಆಸೆ ನನಗೆ ಬಹಳ ಇತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ಟೇಕಲ್ ಬೆಟ್ಟದ ಆಚೆ ಒಂದು ಕೇರಿಯಲ್ಲಿ ನಮ್ಮ ಕ್ರೈಸ್ತ ಸಭೆಯವರ ಶಾಲೆ ಇತ್ತು. ಶಾಲೆಯೆಂದರೆ ಪ್ರಾರ್ಥನೆ ಮನೆಯೇ. ಭಾನುವಾರ ಆರಾಧನೆ, ಉಳಿದ ದಿನ ಪಾಠ. ಅಲ್ಲಿ ಕಲಿಸುತ್ತಿದ್ದ ಉಪದೇಶಿಗೆ ಚಳಿಜ್ವರ ಬಂದು ಬಿಡಲೇ ಇಲ್ಲ. ಅವರನ್ನು ಕೋಲಾರದ ಆಸ್ಪತ್ರೆಗೆ ತಂದರು, ಹೆಂಡತಿಯೂ ಜೊತೆಗೆ ಬಂದಳು. ಶಾಲೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ. ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ದೊರೆಸಾನಿ ಅಡುಗೆ ಮನೆಗೇ ಬಂದು ನಿಂತರು. ಆಕೆ ಸಮುದ್ರದಾಚೆಯಿಂದ ಬಂದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು, ಪುಸ್ತಕದ ಹಾಗೆಯೇ ಮಾತಾಡುತ್ತಿದ್ದರು.

"ನಾಲ್ಕು ತಿಂಗಳುಗಳ ಕಾಲ ನೀವು ಆ ಶಾಲೆಯನ್ನು ನಡೆಸಬಲ್ಲಿರಾ?"

"ನಡೆಸ್ತೀನಿ ಅಮ್ಮನೋರೇ."

"ನಿಮಗೆ ಓದಲು ಬರುತ್ತದೆಯೇ?"

"ಬರ್ತದೆ."

ಅದು ಅರ್ಧ ಸುಳ್ಳು. ಆಕೆ ಒಂದು ಪಾಠ ತೆಗೆದುಕೊಟ್ಟರು. ತಪ್ಪಿಹೋದ ಕುರಿಯನ್ನು ಕುರುಬ ಹುಡುಕಿಕೊಂಡು ಹೋಗುವ ಕಥೆ. ನನಗೆ ಅದು ಬಾಯಿಪಾಠ. ಬೆರಳು ಸರಿಸುತ್ತಾ ಒಪ್ಪಿಸಿಬಿಟ್ಟೆ. ಆಕೆ ಒಪ್ಪಿದರು. ಮಾರನೆಯ ವಾರ ನಾನು ಟೇಕಲ್ ಸ್ಟೇಷನ್ನಿನಲ್ಲಿ ಇಳಿದೆ.

ಹೊರಡುವ ಮೊದಲು ಆಸ್ಪತ್ರೆಗೆ ಹೋಗಿ ಉಪದೇಶಿಯನ್ನು ಕಂಡಿದ್ದೆ. ಹೇಗೆ ಕಲಿಸಬೇಕೆಂದು ಕಂಬಳಿ ಹೊದ್ದುಕೊಂಡೇ ಹೇಳಿಕೊಟ್ಟರು. "ಮೊದಲು ಕಿವಿ ಕಣಮ್ಮ. ಆಮೇಲೆ ಬಾಯಿ. ಕಣ್ಣು ಕೊನೇಗೆ. ನಂಬಿಕೆ ಹುಟ್ಟೋದು ಕೇಳಿಸ್ಕೊಂಡಾಗ. ಅಕ್ಷರ ಬರದೇ ಹೋದ್ರೂ ಚಿಂತೆಯಿಲ್ಲ, ಪ್ರಶ್ನೋತ್ತರ ತಪ್ಪಬಾರ್ದು." ಪ್ರಶ್ನೋತ್ತರ ಎಂದರೆ ನಮ್ಮ ಮತದ ಪಾಠ. ನಲವತ್ತು ಪ್ರಶ್ನೆ, ನಲವತ್ತು ಉತ್ತರ. ನಿನ್ನನ್ನು ಉಂಟುಮಾಡಿದವರು ಯಾರು? ದೇವರು. ಹೇಗೆ ಉಂಟುಮಾಡಿದರು? ತಮ್ಮ ಹೋಲಿಕೆಯಲ್ಲಿ ಉಂಟುಮಾಡಿದರು. ಹೀಗೆ ಹೋಗುತ್ತದೆ. ಅವರ ಮಾತು ನನಗೆ ಹಿತವಾಯಿತು. ನನಗೆ ಇದ್ದದ್ದೂ ಕಿವಿ ಮತ್ತು ಬಾಯಿಯೇ.

ಕೆಲಸ ಹೀಗಿತ್ತು. ಬೆಳಗ್ಗೆ ಹೊಂಗೆ ಮರಕ್ಕೆ ಕಟ್ಟಿದ್ದ ರೈಲು ಕಂಬಿಯ ತುಂಡನ್ನು ಬಡಿಯುವುದು. ನೆಲ ಗುಡಿಸಿ, ಚಾಪೆ ಹಾಸಿ, ಅಗಲವಾದ ಹಲಗೆಯ ಮೇಲೆ ಮರಳು ಹರಡುವುದು. ಮಕ್ಕಳು ಬಂದ ಮೇಲೆ ತಲೆಯಲ್ಲಿ ಹೇನು, ಕಾಲಲ್ಲಿ ಹುಣ್ಣು ಇದೆಯೇ ನೋಡುವುದು. ಆಮೇಲೆ ಒಂದು ಹಾಡು. ಆಮೇಲೆ ಪ್ರಶ್ನೋತ್ತರ, ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಒಬ್ಬೊಬ್ಬರೇ. ಆಮೇಲೆ ಪುಸ್ತಕ. ನಾನು ಬೆರಳಿಟ್ಟು ಒಂದು ಸಾಲು ಹೇಳುವುದು, ಅವರು ನನ್ನ ಹಾಗೆಯೇ ಬೆರಳಾಡಿಸಿಕೊಂಡು ಹೇಳುವುದು. ನಾನು ಹೇಳಿಕೊಟ್ಟದ್ದು ನಾಲ್ಕೇ ಪಾಠ, ನನಗೆ ಗಟ್ಟಿಯಾಗಿ ಬರುತ್ತಿದ್ದ ನಾಲ್ಕು. ಉಳಿದ ಪುಟಗಳನ್ನು ತೆಗೆಯಲೇ ಇಲ್ಲ. ಕೊನೆಗೆ ಮರಳಿನಲ್ಲಿ ಅಕ್ಷರ. ಒಬ್ಬೊಬ್ಬರ ಹಿಂದೆಯೂ ಹೋಗಿ ನಿಂತು ನೋಡುತ್ತಿದ್ದೆ.

ಎರಡು ತಿಂಗಳಲ್ಲಿ ಮಕ್ಕಳು ನಾಲ್ಕು ಪಾಠವನ್ನೂ ಗಿಣಿಯ ಹಾಗೆ ಒಪ್ಪಿಸತೊಡಗಿದರು. ತಾಯಂದಿರು ಬಾಗಿಲಲ್ಲಿ ನಿಂತು ಕೇಳಿ, "ಪರವಾಗಿಲ್ಲ ಅಡುಗೆಯಮ್ಮ" ಅನ್ನುತ್ತಿದ್ದರು. ಆ ದಿನಗಳಷ್ಟು ಸಂತೋಷ ನನಗೆ ಮುಂಚೆಯೂ ಇರಲಿಲ್ಲ, ಆಮೇಲೂ ಇರಲಿಲ್ಲ.

ಒಬ್ಬಳು ಮಾತ್ರ ಬಗ್ಗಲಿಲ್ಲ. ಬೆಟ್ಟದಲ್ಲಿ ಕಲ್ಲು ಒಡೆಯುವವನ ಮಗಳು, ಹತ್ತು ಹನ್ನೊಂದು ವರ್ಷ ಇರಬೇಕು. ಅವರು ಸಭೆಗೆ ಸೇರಿದವರಲ್ಲ. ಮನೆಯಲ್ಲಿ ತೆಲುಗು. ತಾಯಿ ಇರಲಿಲ್ಲ. ಎಲ್ಲರ ಜೊತೆ ಪ್ರಶ್ನೋತ್ತರ ಹೇಳುವಾಗ ಅವಳ ದನಿ ಗಂಟೆಯ ಹಾಗೆ ಇರುತ್ತಿತ್ತು. ಹಾಡಿನಲ್ಲೂ ಅಷ್ಟೆ. ಒಬ್ಬಳೇ ಹೇಳು ಎಂದರೆ ಬಾಯಿ ಮುಚ್ಚಿಬಿಡುತ್ತಿದ್ದಳು. ಕತ್ತಿನ ನರ ಉಬ್ಬುತ್ತಿತ್ತು, ಕಣ್ಣು ಕೆಂಪಾಗುತ್ತಿತ್ತು, ತುಟಿ ತೆರೆಯುತ್ತಿರಲಿಲ್ಲ. ಉಗ್ಗುವವರನ್ನು ನಾನು ಕಂಡಿದ್ದೆ. ಅವರು ಒಂದೇ ಅಕ್ಷರವನ್ನು ಹತ್ತು ಸಲ ಹೇಳುತ್ತಾರೆ. ಇವಳದು ಹಾಗಿರಲಿಲ್ಲ. ಹಾಗಾಗಿ ಹಠ ಅಂದುಕೊಂಡೆ.

"ಆಡಿನ ಹತ್ರ ಚೆನ್ನಾಗೇ ಮಾತಾಡ್ತಾಳೆ, ಅಮ್ಮ," ಎಂದು ಮಕ್ಕಳು ಚಾಡಿ ಹೇಳಿದವು. "ಬೆಟ್ಟದ ಮೇಲೆ ಒಂದೇ ಸಮ ಮಾತಾಡ್ತಿರ್ತಾಳೆ."

"ಹೌದೇನೇ? ನಾನು ಆಡಿಗಿಂತ ಕಡೆಯೇನೇ ನಿನಗೆ?" ಎಂದೆ.

ಮಕ್ಕಳು ನಕ್ಕವು. ಅವಳು ನೆಲ ನೋಡಿದಳು. ನಾನು ಬಂದ ಎರಡನೇ ವಾರವೇ ಅದು. ಆವತ್ತು ಎರಡನೇ ಪ್ರಶ್ನೆ ಕೇಳಿದೆ. ದೇವರು ನಿನ್ನನ್ನು ಹೇಗೆ ಉಂಟುಮಾಡಿದರು? ಮೂರು ಸಲ ಕೇಳಿದೆ. ನಾಲ್ಕನೇ ಸಲ ಹುಣಸೆ ಬರಲು ಕಡ್ಡಿ ತೆಗೆದು ಅಂಗೈಗೆ ಹೊಡೆದೆ. ದೇವರ ಹೋಲಿಕೆಯಲ್ಲಿ ಎಂದು ಹೇಳಿಸುವುದಕ್ಕೆ ಹೊಡೆದೆ. ಈಗ ಬರೆಯುವಾಗ ಅದು ಎಂಥ ಮಾತು ಅಂತ ಗೊತ್ತಾಗುತ್ತದೆ, ಆವತ್ತು ಗೊತ್ತಾಗಲಿಲ್ಲ. ಹೊಡೆದ ಮೇಲೆ, "ಬಾಯಿ ಬಿಡೋವರೆಗೂ ನನ್ನ ಪಕ್ಕ ಬರಬೇಡ, ಆಚೆ ಕೂತ್ಕೋ," ಎಂದು ಪುಸ್ತಕದ ಆಚೆ ಕಡೆಗೆ ತಳ್ಳಿದೆ. ಅವಳು ಕೂತಳು. ದಿನಾ ಅಲ್ಲೇ ಕೂತಳು. ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಎರಡು ಸಂಗತಿ ಆಗ ನಡೆದವು. ಒಂದು ದಿನ ಪಾಠದ ನಡುವೆ ಒಂದು ಸಾಲು ನನಗೆ ಮರೆತುಹೋಯಿತು. ಪುಸ್ತಕ ನೋಡಿದರೆ ಒತ್ತಕ್ಷರ. ತಡವರಿಸುತ್ತಿದ್ದಾಗ ಎದುರಿನಿಂದ ಒಂದು ಬೆರಳು ಬಂದು ಸರಿಯಾಗಿ ಆ ಮಾತಿನ ಮೇಲೆ ಕೂತಿತು. "ಕೈ ತೆಗಿಯೇ" ಎಂದು ಬೆರಳಿಗೆ ಹೊಡೆದೆ. ಇನ್ನೊಂದು, ಮರಳಿನ ಹಲಗೆ. ಎಲ್ಲರ ಹಿಂದೆ ಹೋಗಿ ನಿಲ್ಲುವ ಹಾಗೆ ಅವಳ ಹಿಂದೆಯೂ ಹೋಗಿ ನಿಂತರೆ ಬರೀ ಗೀಟುಗಳು. ತಲೆಬುಡ ಇಲ್ಲದ ಅಕ್ಷರ. ನನ್ನನ್ನು ಅಣಕಿಸುತ್ತಿದ್ದಾಳೆ ಎಂದು ಅಳಿಸಿಹಾಕಿದೆ. ಅವಳ ಎದುರಿಗೆ ನಿಂತು ನೋಡಬೇಕು ಅಂತ ಒಂದು ದಿನವೂ ಹೊಳೆಯಲಿಲ್ಲ.

ಮೂರನೇ ತಿಂಗಳು ಅವಳ ಅಪ್ಪ ಬಂದ. ಕೈಯೆಲ್ಲ ಕಲ್ಲಿನ ಪುಡಿ. ಒಳಗೆ ಬರಲಿಲ್ಲ, ಹೊಂಗೆ ಮರದ ಕೆಳಗೇ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ನಾ ಕೂತುರು ಚದುವುತುಂದಾ?" ಮಗಳು ಓದುತ್ತಾಳಾ ಎಂದು ತೆಲುಗಿನಲ್ಲೇ ಕೇಳಿದ.

"ಬಾಯಿ ಬಿಟ್ರೆ ತಾನೇ ಗೊತ್ತಾಗೋದು? ನಿನ್ನ ಮಗಳಿಗೆ ಹಠ ಜಾಸ್ತಿ ಕಣಪ್ಪ."

"ಹಠ ಅಲ್ಲಮ್ಮ. ಅವಳವ್ವ ಸತ್ತಾಗಿಂದ ಮಾತು ಗಂಟ್ಲಲ್ಲೇ ಸಿಕ್ಕೊಳ್ತದೆ. ಜೊತೆಗೆ ಯಾರಾದ್ರೂ ಹೇಳಿದ್ರೆ ಬರ್ತದೆ, ಜನದ ಮುಂದೆ ಒಬ್ಳೇ ಆದ್ರೆ ಬರಲ್ಲ." ಕೈಯ ಕಲ್ಲಿನ ಪುಡಿಯನ್ನು ಪಂಚೆಗೆ ಒರೆಸಿಕೊಂಡು ಮುಂದುವರಿಸಿದ. "ಕೋಲಾರದ ಬೋರ್ಡಿಂಗಿಗೆ ಈ ಊರಿಂದ ಒಂದು ಹುಡುಗೀನ ಕರ್ಕೋತಾರಂತೆ. ನಿಜವಾ?"

ನಿಜ. ವರ್ಷಕ್ಕೆ ಒಂದು ಜಾಗ. ಪರೀಕ್ಷೆ ಮಾಡಿ ಆರಿಸುತ್ತಿದ್ದರು.

"ಅವಳ ಸೋದರಮಾವ ಲಕ್ಕೂರ ಕಡೆ ಇದಾನೆ. ಯುಗಾದಿ ಆದ್ಮೇಲೆ ಕೊಡ್ತೀನಿ ಅಂದಿದೀನಿ. ಅವನು ನನಗಿಂತ ಎರಡೇ ವರ್ಷ ಚಿಕ್ಕೋನು. ಕುಡೀತಾನೆ. ಬೋರ್ಡಿಂಗಿಗೆ ಸೇರಿದ್ರೆ ಓದು ಮುಗೀಲಿ ಅಂತ ಹೇಳ್ಕೋಬಹುದು. ಇಲ್ಲಾಂದ್ರೆ ನನ್ನ ಹತ್ರ ನೆಪ ಇಲ್ಲ."

ಹಠವಲ್ಲ ಎಂದು ಆವತ್ತು ತಿಳಿಯಿತು. ಆದರೂ ಅವಳ ಜಾಗ ಬದಲಾಯಿಸಲಿಲ್ಲ. ತಪ್ಪು ಮಾಡಿದೆ ಎಂದು ಮಕ್ಕಳ ಮುಂದೆ ತೋರಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ಹೊಡೆಯುವುದನ್ನು ಬಿಟ್ಟೆ, ಅಷ್ಟೆ. ಬಾಯಿ ಇಲ್ಲದವಳಿಗೆ ಬೋರ್ಡಿಂಗ್ ಎಲ್ಲಿಂದ ಸಿಗಬೇಕು ಎಂದು ಅವಳ ಆಸೆಯನ್ನೇ ಬಿಟ್ಟಿದ್ದೆ. ಸಭೆಯ ಹಿರಿಯನ ಮಗಳು ಚುರುಕಾಗಿದ್ದಳು, ಜಾಗ ಅವಳಿಗೆ ಅಂತ ನನ್ನ ಮನಸ್ಸಿನಲ್ಲಿ ಗೊತ್ತು ಮಾಡಿಯಾಗಿತ್ತು. ಹಿರಿಯನ ಹೆಂಡತಿ ದಿನಾ ಮಜ್ಜಿಗೆ ಕಳಿಸುತ್ತಿದ್ದಳು.

ಪರೀಕ್ಷೆಯ ದಿನ ಮಾಲೂರಿನಿಂದ ಅಯ್ಯನವರು ಸೈಕಲ್ಲಿನಲ್ಲಿ ಬಂದರು. ಸುತ್ತಿನ ಸಭೆಗಳಿಗೆಲ್ಲ ಅವರೇ ಪಾದ್ರಿ. ದೊರೆಸಾನಿ ಸ್ಟೇಷನ್ನಿನಿಂದ ಗಾಡಿಯಲ್ಲಿ ಬಂದರು. ಕೇರಿಯವರೆಲ್ಲ ಗೋಡೆಯುದ್ದಕ್ಕೂ ನಿಂತರು. ಕಲ್ಲು ಒಡೆಯುವವನೂ ಬಾಗಿಲ ಹೊರಗೆ ನಿಂತಿದ್ದ.

ಪ್ರಶ್ನೋತ್ತರ ಚೆನ್ನಾಗಿ ಹೋಯಿತು. ಓದು ಇನ್ನೂ ಚೆನ್ನಾಗಿ ಹೋಯಿತು. ಅಯ್ಯನವರು, "ಯಾವ ಪಾಠ ಆಗಿದೆಯಮ್ಮ?" ಎಂದು ಕೇಳಿದರು, ನಾನು ನಾಲ್ಕೂ ಪುಟ ತೆಗೆದುಕೊಟ್ಟೆ. ಹಿರಿಯನ ಮಗಳು ಕುರಿಯ ಕಥೆಯನ್ನು ಬೆರಳಾಡಿಸಿಕೊಂಡು ಎಲ್ಲೂ ನಿಲ್ಲದೆ ಹೇಳಿದಳು. ಕೇರಿಯವರು ತಲೆದೂಗಿದರು. ದೊರೆಸಾನಿ ನನ್ನನ್ನು ನೋಡಿ ಮುಗುಳ್ನಕ್ಕರು.

ಕೊನೆಗೆ ಇವಳು. ಅಯ್ಯನವರು ಮೊದಲನೇ ಪ್ರಶ್ನೆ ಕೇಳಿದರು. ಕತ್ತಿನ ನರ ಉಬ್ಬಿತು. ಎರಡನೆಯದು ಕೇಳಿದರು. ಇಲ್ಲ. "ಹೋಗ್ಲಿ, ಓದ್ತೀಯಾ?" ಎಂದು ಪುಸ್ತಕವನ್ನು ಅವಳ ಮುಂದೆ ಚಾಪೆಯ ಮೇಲೆ ನೆಟ್ಟಗೆ ಇಟ್ಟರು. ಅವಳು ಅದನ್ನು ನೋಡಿದಳು. ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ತಲೆಕೆಳಗೆ ಮಾಡಿಟ್ಟುಕೊಂಡಳು.

ಇಡೀ ಮನೆ ನಕ್ಕಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. "ಪಾಪ, ಯಾವ ಕಡೆ ಹಿಡೀಬೇಕು ಅಂತಾನೂ ಗೊತ್ತಿಲ್ಲ," ಎಂದು ಹಿರಿಯನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಯ್ಯನವರೂ ನಕ್ಕು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದರು. ಹೊರಗೆ ಅವಳ ಅಪ್ಪ ಟವೆಲ್ಲನ್ನು ಹೆಗಲಿಂದ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಹೊರಡುವವನ ಹಾಗೆ ತಿರುಗಿದ.

ನಾನು ನಗಲಿಲ್ಲ. ಅವಳ ಕಣ್ಣು ಸಾಲಿನ ಮೇಲೆ ಓಡುತ್ತಿತ್ತು. ಬೆರಳು ನನ್ನ ಮಕ್ಕಳ ಬೆರಳಿನ ಹಾಗೆ ಒಂದೇ ಸಮನೆ ಜಾರುತ್ತಿರಲಿಲ್ಲ. ಕೆಲವು ಕಡೆ ನಿಲ್ಲುತ್ತಿತ್ತು, ಹಿಂದೆ ಬರುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು. ಓದುವವರ ಬೆರಳು ಹಾಗೆ ಹೋಗುತ್ತದೆ. ಮೂರು ತಿಂಗಳು ಪುಸ್ತಕವನ್ನು ನಾನು ನನ್ನ ಕಡೆಗೆ ಇಟ್ಟುಕೊಂಡಿದ್ದೆ. ಅವಳು ಆಚೆ ಕಡೆ. ಅವಳು ಕಂಡ ಅಕ್ಷರವೆಲ್ಲ ತಲೆಕೆಳಗೇ. ನಾನು ಹೇಳಿದ ಮಾತನ್ನು ಆ ಅಕ್ಷರಕ್ಕೆ ಹೊಂದಿಸಿಕೊಂಡು ತಾನೇ ಓದು ಕಲಿತಿದ್ದಳು. ಆ ಬೆರಳು, ಆ ಮರಳಿನ ಗೀಟು, ಎಲ್ಲ ಒಟ್ಟಿಗೆ ನೆನಪಿಗೆ ಬಂತು.

ಸುಮ್ಮನಿರಬಹುದಿತ್ತು. ಉಪದೇಶಿಯ ಬದಲಿಗೆ ಹೊಸ ಟೀಚರು ಬರುವವರೆಗೆ ಶಾಲೆ ನನ್ನದು, ಆಮೇಲೂ ಚಿಕ್ಕ ಮಕ್ಕಳಿಗೆ ನನ್ನನ್ನೇ ಇಟ್ಟುಕೊಳ್ಳಬಹುದು ಎಂದು ದೊರೆಸಾನಿ ಬೆಳಗ್ಗೆಯಷ್ಟೇ ಹೇಳಿದ್ದರು. ಇವಳು ಓದುತ್ತಾಳೆ ಎಂದು ತೋರಿಸಬೇಕಾದರೆ ನಾನು ಹೇಳಿಕೊಡದ ಪುಟ ತೆಗೆಸಬೇಕು. ಅದನ್ನು ತೆಗೆಸಿದರೆ ಉಳಿದ ಹನ್ನೊಂದು ಮಕ್ಕಳ ಗತಿ ನನಗೆ ಗೊತ್ತಿತ್ತು. ನನ್ನ ಗತಿಯೂ ಗೊತ್ತಿತ್ತು. ಕಿಟಕಿಯ ಈಚೆಗೆ ವಾಪಸ್ಸು.

"ಅಯ್ಯನೋರೇ," ಎಂದೆ. "ನಾನು ಹೇಳ್ಕೊಡದೇ ಇರೋ ಪುಟ ಒಂದು ತೆಗೀರಿ. ಎಲ್ಲಾರಿಗೂ ಅದನ್ನೇ ಕೊಡಿ."

"ಯಾಕಮ್ಮ?"

"ಕೊಡಿ, ಗೊತ್ತಾಗ್ತದೆ."

ಅವರು ಮಧ್ಯದಲ್ಲಿ ಎಲ್ಲೋ ತೆಗೆದರು. ಹಿರಿಯನ ಮಗಳು ಪುಸ್ತಕ ತೆಗೆದುಕೊಂಡು, ಬೆರಳಿಟ್ಟು, ಗಟ್ಟಿಯಾಗಿ ಶುರು ಮಾಡಿದಳು. ಕುರಿಯ ಕಥೆಯನ್ನೇ! ಆ ಪುಟದಲ್ಲಿ ಕುರಿಯೂ ಇಲ್ಲ, ಕುರುಬನೂ ಇಲ್ಲ. ಬೆರಳು ಒಂದು ಕಡೆ, ಕಥೆ ಇನ್ನೊಂದು ಕಡೆ. ಪಾಪ, ಅವಳಿಗೆ ಅದು ಮೋಸ ಅಂತಲೇ ಗೊತ್ತಿರಲಿಲ್ಲ. ಓದುವುದೆಂದರೆ ಅದೇ ಅಂದುಕೊಂಡಿದ್ದಳು. ಅಯ್ಯನವರ ಮುಖ ಕಪ್ಪಾಯಿತು. ಎರಡನೆಯವನಿಗೆ ಕೊಟ್ಟರು, ಅವನೂ ಕುರಿ. ಮೂರನೆಯವಳು ಅಳುವುದಕ್ಕೆ ಶುರು ಮಾಡಿದಳು.

"ಅವರದ್ದು ತಪ್ಪಿಲ್ಲ," ಎಂದೆ. "ನನಗೇ ಆ ಪುಟ ಓದಕ್ಕೆ ಬರಲ್ಲ. ಈ ಹುಡುಗೀಗೆ ಕೊಟ್ಟು ನೋಡಿ."

ಅವಳ ಮುಂದೆ ಇಟ್ಟರು. ಅವಳು ಮತ್ತೆ ತಿರುಗಿಸಿಕೊಂಡಳು. ಈ ಸಲ ಯಾರೂ ನಗಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದಳು. ತಾನು ಕೂತಿದ್ದ ಚಾಪೆಯನ್ನು ಸುತ್ತಿದಳು, ಹೆಗಲ ಮೇಲೆ ಇಟ್ಟುಕೊಂಡಳು, ನಮ್ಮೆಲ್ಲರ ನಡುವಿನಿಂದ ನಡೆದು ಬಾಗಿಲು ದಾಟಿ ಹೋಗಿಬಿಟ್ಟಳು.

"ನೋಡಿದ್ರಾ ಸೊಕ್ಕು!" ಎಂದಳು ಹಿರಿಯನ ಹೆಂಡತಿ. "ನಕ್ಕಿದ್ದಕ್ಕೆ ಕೋಪ ಮಾಡ್ಕೊಂಡು ಹೊರಟ್ಲು. ಅದೂ ಸಭೆ ಚಾಪೆ!"

ದೊರೆಸಾನಿ ಪುಸ್ತಕ ಎತ್ತಿಕೊಂಡು ಆ ಪುಟ ನೋಡಿದರು. ಅದನ್ನು ಅಯ್ಯನವರ ಕೈಗೆ ಕೊಟ್ಟರು. ಅಲ್ಲಿದ್ದದ್ದು ಕೈಕಾಲು ಬಿದ್ದುಹೋದ ಒಬ್ಬನ ಕಥೆ. ಎದ್ದೇಳು, ನಿನ್ನ ಹಾಸಿಗೆ ಎತ್ತಿಕೊಂಡು ಮನೆಗೆ ಹೋಗು ಎಂದು ಸ್ವಾಮಿ ಅವನಿಗೆ ಹೇಳುವುದು, ಅವನು ಎಲ್ಲರ ಮುಂದೆ ಎದ್ದು ಹೋಗುವುದು.



ನಾನೇ ಹೋಗಿ ಅವಳನ್ನು ಕರೆತಂದೆ. ಹೊಂಗೆ ಮರದ ಹತ್ತಿರ ಅಪ್ಪನ ಪಕ್ಕ ಚಾಪೆ ಹೊತ್ತು ನಿಂತಿದ್ದಳು. ಯಾರಾದರೂ ಮೊದಲೇ ಕಥೆ ಹೇಳಿದ್ದಿರಬಹುದು ಎಂದು ಅಯ್ಯನವರಿಗೆ ಇನ್ನೂ ಅನುಮಾನ. ದೊರೆಸಾನಿ ಒಂದು ಸ್ಲೇಟಿನ ಮೇಲೆ ಏನೋ ಬರೆದು ಅವಳಿಗೆ ತಲೆಕೆಳಗಾಗಿಯೇ ಹಿಡಿದರು. ಅವಳು ಮತ್ತೆ ಹೊರಗೆ ಓಡಿದಳು. ಲಂಗದ ಮಡಿಲಲ್ಲಿ ಮೂರು ಕಲ್ಲು ತಂದು ಅಯ್ಯನವರ ಮುಂದೆ ಸಾಲಾಗಿ ಇಟ್ಟಳು. ಮೂರು ಕಲ್ಲು ತಾ ಎಂದು ಬರೆದಿತ್ತಂತೆ. ಕಲ್ಲು ಒಡೆಯುವವನ ಮಗಳಲ್ಲವೇ, ಮೂರೂ ಒಂದೇ ಅಳತೆಯವು.

ಮಕ್ಕಳನ್ನೂ ಕೇರಿಯವರನ್ನೂ ಹೊರಗೆ ಕಳಿಸಿ ನಾವು ಮೂವರೇ ಕೂತೆವು. ಅಯ್ಯನವರು ಕೆಟ್ಟವರಲ್ಲ. ಅವರಿಗೆ ನಿಜವಾಗಿಯೇ ಸಂಕಟವಿತ್ತು.

"ಓದ್ತಾಳೆ, ಒಪ್ಪಿದೆ," ಎಂದರು. "ಆದ್ರೆ ನಾವು ಮಕ್ಕಳಿಗೆ ಕಲಿಸೋದು ಯಾತಕ್ಕೆ? ನಂಬಿದ್ದನ್ನ ನಾಕು ಜನರ ಮುಂದೆ ಬಾಯಿಬಿಟ್ಟು ಅರಿಕೆ ಮಾಡ್ಲಿ ಅಂತ. ಆ ಜಾಗ ಅದಕ್ಕೇ ಇಟ್ಟಿರೋದು. ಇವಳ ಮನೆಯೋರು ಸಭೆಗೂ ಸೇರಿಲ್ಲ. ಬಾಯೂ ಇಲ್ಲದೋಳನ್ನ ಹೇಗೆ ಒಪ್ಪೋದು?"

ದೊರೆಸಾನಿ ಹೇಳಿದರು: "ಒಬ್ಬೊಬ್ಬನೂ ದೇವರ ಮುಂದೆ ಒಂಟಿಯಾಗಿಯೇ ನಿಲ್ಲತಕ್ಕವನು. ಆದುದರಿಂದ ಒಬ್ಬೊಬ್ಬರೂ ಒಂಟಿಯಾಗಿ ಓದಬಲ್ಲವರಾಗಬೇಕು. ನಡುವೆ ಬೇರೆಯವರ ನಾಲಿಗೆ ಇರಬಾರದು. ನಾನು ಇಲ್ಲಿಗೆ ಬಂದದ್ದು ಅದಕ್ಕಾಗಿಯೇ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಹನ್ನೊಂದು ಮಕ್ಕಳಿಗೆ ನಿಮ್ಮ ನಾಲಿಗೆಯನ್ನು ಕೊಟ್ಟಿದ್ದೀರಿ. ಅವರ ಕಣ್ಣುಗಳನ್ನು ಅವರಿಗೆ ಕೊಡಲಿಲ್ಲ."

ಆ ಮಾತು ಹುಣಸೆ ಬರಲಿಗಿಂತ ಚೆನ್ನಾಗಿ ತಾಗಿತು. ಅಯ್ಯನವರ ಕಡೆ ತಿರುಗಿದೆ.

"ಅಯ್ಯನೋರೇ, ದೇವರು ತನ್ನ ಹೋಲಿಕೇಲಿ ಮಾಡಿದಾನೆ ಅಂತ ನಿಮ್ಮ ಪ್ರಶ್ನೋತ್ತರದಲ್ಲೇ ಇದೆ. ಆ ಹೋಲಿಕೆ ನಾಲಿಗೇಲಿದೆ ಅಂತ ಎಲ್ಲಿ ಬರೆದಿದೆ, ತೋರಿಸಿ. ನಿಧಾನಕ್ಕಾದ್ರೂ ಓದ್ಕೋತೀನಿ. ನಾಲಿಗೆ ಇದ್ದ ಹನ್ನೊಂದು ಮಕ್ಕಳು ಏನು ಹೇಳ್ತಿದೀವಿ ಅಂತ ಗೊತ್ತಿಲ್ದೆ ಹೇಳಿದ್ವು. ಇವಳಿಗೆ ಬೇರೆಯವರ ಜೊತೆ ಸೇರಿದ್ರೆ ಮಾತ್ರ ಬಾಯಿ ಬರ್ತದೆ, ಆದ್ರೂ ಓದಿದ್ಲು, ಓದಿದ ಹಾಗೆ ಎದ್ದು ನಡೆದ್ಲು. ಅರಿಕೆ ಅಂದ್ರೆ ಇನ್ನೇನು?"

ಅಯ್ಯನವರು ಬಹಳ ಹೊತ್ತು ಆ ಮೂರು ಕಲ್ಲುಗಳನ್ನೇ ನೋಡಿದರು. ಒಂದನ್ನು ಕೈಗೆತ್ತಿಕೊಂಡು ತೂಗಿ ನೋಡಿ ಮತ್ತೆ ಇಟ್ಟರು. "ಬೇರೆಯವರ ಜೊತೆ ಸೇರಿದ್ರೆ ಬಾಯಿ ಬರ್ತದೆ ಅಂದ್ರಲ್ಲ?" ಎಂದು ಕೇಳಿದರು. ಬರುತ್ತದೆ ಎಂದೆ. "ಹಾಗಾದ್ರೆ ಸಭೆ ಜೊತೇಲೇ ಹೇಳ್ಲಿ. ಸಭೆ ಇರೋದು ಮತ್ಯಾಕೆ?" ಎಂದು ಗೀಟು ಹಾಕಿದ ಹೆಸರನ್ನು ಕೆಳಗೆ ಮತ್ತೊಮ್ಮೆ ಬರೆದರು.

ಹಿರಿಯನ ಹೆಂಡತಿ ಬೀದಿಯಲ್ಲೇ ನಿಂತು ಕೂಗಿದಳು. "ನಮ್ಮನೆ ಮಜ್ಜಿಗೆ ಕುಡಿದು ನಮ್ಮ ಮಗಳ ಬಾಯಿಗೇ ಮಣ್ಣು ಹಾಕ್ದಲ್ಲೇ!" ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳ ಮಗಳಿಗೂ ನಾನು ಅನ್ಯಾಯವೇ ಮಾಡಿದ್ದೆ. ಮಾರನೆಯ ದಿನದಿಂದ ಮಜ್ಜಿಗೆ ನಿಂತಿತು.

ಹೊಸ ಟೀಚರು ಬರಲು ಇನ್ನೂ ಒಂದು ತಿಂಗಳಿತ್ತು. ಅಲ್ಲಿಯವರೆಗೆ ಹಾಡು, ಪ್ರಶ್ನೋತ್ತರ ಮಾತ್ರ ನಡೆಸಿ, ಓದು ಮುಟ್ಟಬೇಡಿ ಎಂದು ದೊರೆಸಾನಿ ಹೇಳಿ ಹೋದರು. ಆಮೇಲೆ ನಾನು ಬೋರ್ಡಿಂಗಿಗೂ ವಾಪಸ್ಸಿಲ್ಲ. ಅಲ್ಲಿಗೆ ಬೇರೆ ಅಡುಗೆಯವಳು ಬಂದಾಗಿತ್ತು. ಮುಳಬಾಗಿಲಿನಲ್ಲಿ ಸಭೆಯವರ ದವಾಖಾನೆ ಇತ್ತು, ಅಲ್ಲಿ ಗುಡಿಸಿ ಒರೆಸುವ ಕೆಲಸ. ಸರಿ ಎಂದೆ.

ಇವಳು ಹೊರಡುವುದಕ್ಕೆ ಮೂರು ವಾರವಿತ್ತು. ಶಾಲೆ ಬಿಟ್ಟ ಮೇಲೆ ದಿನಾ ಉಳಿಸಿಕೊಂಡೆ. ಅವಳಿಗೆ ನೆಟ್ಟಗೆ ಓದುವುದನ್ನು ಕಲಿಸೋಣ ಎಂದು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದೆ. ಅವಳು ಅದನ್ನು ಮತ್ತೆ ನನ್ನ ಕಡೆಗೆ ತಿರುಗಿಸಿದಳು. ನನ್ನ ಬೆರಳು ಹಿಡಿದು ಒಂದು ಒತ್ತಕ್ಷರದ ಮೇಲೆ ಇಟ್ಟಳು. ಕಲಿಯಬೇಕಾದವಳು ಯಾರು ಅಂತ ಅವಳಿಗೆ ಗೊತ್ತಿತ್ತು.

ಹೀಗೆ ಕೂತೆವು, ಪುಸ್ತಕ ನಡುವೆ, ನನಗೆ ನೆಟ್ಟಗೆ, ಅವಳಿಗೆ ತಲೆಕೆಳಗೆ. ಅವಳು ಒತ್ತಕ್ಷರವನ್ನು ಮರಳಿನಲ್ಲಿ ಬಿಡಿಸಿ ತೋರಿಸುತ್ತಿದ್ದಳು, ಮೇಲಿನದು ಬೇರೆ, ಕೆಳಗಿನದು ಬೇರೆ. ನಾನು ಕೂಡಿಸಿ ಬಾಯಲ್ಲಿ ಹೇಳಬೇಕು. ನಾನು ಹೇಳಲು ಶುರು ಮಾಡಿದರೆ ಅವಳ ದನಿಯೂ ಜೊತೆಗೆ ಬರುತ್ತಿತ್ತು. ಒಬ್ಬಳೇ ಆದರೆ ಬರುತ್ತಿರಲಿಲ್ಲ, ನನ್ನ ದನಿಯ ಪಕ್ಕದಲ್ಲಿ ಬರುತ್ತಿತ್ತು. ಅವಳ ಬೆರಳಿಲ್ಲದಿದ್ದರೆ ನನಗೆ ಓದು ಬರುತ್ತಿರಲಿಲ್ಲ. ಇಬ್ಬರೂ ಸೇರಿ ಓದುವವಳೊಬ್ಬಳಾಗಿದ್ದೆವು. ಚಾಪೆ ಹೊತ್ತವನ ಪುಟವನ್ನು ಮುಗಿಸಲು ಒಂಬತ್ತು ದಿನ ಹಿಡಿಯಿತು. ಮುಗಿದ ದಿನ ಅವಳು ನಕ್ಕಳು. ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇತ್ತು. ಅಷ್ಟು ತಿಂಗಳಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.

ಹೊಡೆದದ್ದು ತಪ್ಪಾಯಿತು ಕಣೇ ಎಂದು ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇಡೀ ಕೇರಿಯ ಮುಂದೆ ಓದು ಬರಲ್ಲ ಎಂದು ಹೇಳಿದವಳು ನಾನು, ಇದೊಂದು ಬರಲಿಲ್ಲ. ಜೊತೆಗೆ ಹೇಳುವವರು ಯಾರೂ ಇರಲಿಲ್ಲವಲ್ಲ.

ಟೇಕಲ್ ಸ್ಟೇಷನ್ನಿಗೆ ಅವಳನ್ನೂ ಅವಳ ಅಪ್ಪನನ್ನೂ ಬಿಡಲು ಹೋದೆ. ಬೌರಿಂಗಪೇಟೆಯಲ್ಲಿ ಇಳಿದು ಕೋಲಾರದ ಸಣ್ಣ ರೈಲು ಹತ್ತಬೇಕು ಎಂದು ಅವನಿಗೆ ಎರಡೆರಡು ಸಲ ಹೇಳಿದೆ. ಅವಳಿಗೆ ಬುತ್ತಿ ಕೊಟ್ಟೆ, ಜಡೆ ಬಿಗಿದೆ. ಗಾಡಿ ಬರುವ ಸದ್ದು ಕೇಳಿಸಿತು. ಅವಳು ಇದ್ದಕ್ಕಿದ್ದಂತೆ ನನ್ನ ಎದುರಿಗೆ ಬ್ಯಾಗು ಕೆಳಗಿಟ್ಟು ಕುಕ್ಕರಿಸಿ, ಪ್ಲಾಟ್‌ಫಾರಂನ ಧೂಳಿನಲ್ಲಿ ಬೆರಳಿನಿಂದ ಬರೆಯತೊಡಗಿದಳು. ತನಗೆ ರೂಢಿಯಿದ್ದ ಹಾಗೆಯೇ ಬರೆದಳು. ಎದುರಿಗಿದ್ದ ನನಗೆ ಅದು ನೆಟ್ಟಗೇ ಕಾಣುತ್ತಿತ್ತು. ಒಂದು ಸಾಲು ಪೂರ್ತಿ ಬರೆದು ಎದ್ದು ನಿಂತು, ಓದು ಎನ್ನುವ ಹಾಗೆ ನನ್ನ ಮುಖ ನೋಡಿದಳು.

ನಾನು ಬಗ್ಗಿದೆ. "ಅಮ್ಮಾ ನೀವು" ಎನ್ನುವಷ್ಟನ್ನು ಓದಿದೆ. ಮುಂದಿನ ಮಾತಿನಲ್ಲಿ ಒತ್ತಕ್ಷರ ಇತ್ತು. ಅದನ್ನು ಬಿಡಿಸುತ್ತಿದ್ದೆ. ಅಷ್ಟರಲ್ಲಿ ಗಾಡಿ ನಿಂತು, ಗಂಟುಮೂಟೆಯವರೆಲ್ಲ ಒಟ್ಟಿಗೆ ನುಗ್ಗಿದರು. ಮೂಟೆ ಎಳೆದುಕೊಂಡು ಅದರ ಮೇಲೆಯೇ ಹೋದರು. "ನಿಲ್ರಪ್ಪಾ, ನಿಲ್ರೀ!" ಎಂದು ಕೂಗಿದೆ, ಯಾರು ಕೇಳುತ್ತಾರೆ? ಅವಳನ್ನು ಅಪ್ಪ ಕೈ ಹಿಡಿದು ಹತ್ತಿಸಿದ. ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಓದಿದೆಯಾ ಎಂದು ಕೇಳುತ್ತಿದ್ದ ಹಾಗಿತ್ತು. ನಾನು ಓದಿದೆ ಎಂದು ತಲೆಯಾಡಿಸಿದೆ. ಅದು ಪೂರ್ತಿ ಸುಳ್ಳು.

ಮುಳಬಾಗಿಲಿಗೆ ಅವಳಿಂದ ಎರಡು ಕಾಗದ ಬಂದವು. ಚೆನ್ನಾಗಿದ್ದೇನೆ, ಮದುವೆ ಮಾತು ನಿಂತಿದೆ, ನೆಟ್ಟಗೆ ಓದಲು ಹೇಳುತ್ತಾರೆ, ಕತ್ತು ನೋಯುತ್ತದೆ ಎಂದು ಬರೆದಿದ್ದಳು. ಆ ದಿನ ಧೂಳಿನಲ್ಲಿ ಏನು ಬರೆದೆಯೇ ಎಂದು ಕೇಳಬೇಕೆಂದು ಬಹಳ ಆಸೆ. ಕೇಳಲು ಇನ್ನೊಬ್ಬರ ಕೈಯಲ್ಲಿ ಬರೆಸಬೇಕಾಗಿತ್ತು. ಓದಲಿಲ್ಲ ಎಂದು ಅವಳಿಗೆ ಗೊತ್ತಾಗುವುದು ಬೇಡವಾಗಿತ್ತು. ನನ್ನ ಕೈಯಲ್ಲೇ ಬರೆಯುವಷ್ಟು ಕಲಿಯುವ ಹೊತ್ತಿಗೆ ಅವಳು ಬೋರ್ಡಿಂಗ್ ಮುಗಿಸಿ ನರ್ಸ್ ಕೆಲಸ ಕಲಿಯಲು ಎಲ್ಲಿಗೋ ಹೋಗಿದ್ದಳು. ನನ್ನ ಕಾಗದ ತಿರುಗಿ ಬಂತು.

ದವಾಖಾನೆಯಲ್ಲಿ ಔಷಧದ ಬುಡ್ಡಿಗಳ ಮೇಲಿನ ಚೀಟಿ ಓದಿದೆ, ಗೋಡೆಯ ಮೇಲಿನದು ಓದಿದೆ, ಸಾಮಾನು ಕಟ್ಟಿ ಬಂದ ಕಾಗದ ಓದಿದೆ. ಸುವಾರ್ತೆಯನ್ನು ಮೊದಲಿಂದ ಕೊನೆಯವರೆಗೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇವತ್ತಿಗೂ ಗೋಡೆಗೆ ಒರಗಿ ಓದುವುದಿಲ್ಲ. ಚಾಪೆಯ ನಡುವೆ ಪುಸ್ತಕ ಇಟ್ಟು, ಆಚೆ ಕಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತೇನೆ. ಒತ್ತಕ್ಷರ ಬಂದರೂ ನಿಲ್ಲುವುದಿಲ್ಲ.

ಈಗ ನಾನು ಬೇಗ ಓದುತ್ತೇನೆ.